ಮಾವನವರು ತಣ್ಣಗಾದರು

ಮರಳೂರಿನ ರಂಗನಾಥನಿಗೆ ಕನ್ನಡ ಹಿಡಿದದ್ದು ಬಟವಾಡಿಯ ಅಂಗಡಿಯೊಂದರಲ್ಲಿ, ಎರಡು ಬಾಗಿಲಿನ ಫ್ರಿಜ್ಜಿನ ಮುಂದೆ. ಹಿಡಿದದ್ದು ಎಂದರೆ ನೆಗಡಿ ಹಿಡಿದ ಹಾಗೆಯೇ. ಹುಟ್ಟಿದಾಗಿನಿಂದ ಅವನು ಆಡುತ್ತಿದ್ದದ್ದು ಕನ್ನಡವೇ ಆದರೂ ಅದರಿಂದ ಅವನಿಗಾಗಲಿ, ಸುತ್ತಮುತ್ತಲಿನವರಿಗಾಗಲಿ ಅದುವರೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ಹೈವೇ ಪಕ್ಕದ ಶೋರೂಮಿನಲ್ಲಿ ಅವನು ಫ್ರಿಜ್ ಮತ್ತು ಏಸಿ ವಿಭಾಗದ ಸೇಲ್ಸ್‌ಮನ್. ಬೇಸಗೆಯ ಆರಂಭದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಂದರು. ರಂಗನಾಥ ಎಂದಿನ ಉತ್ಸಾಹದಿಂದ ಶುರುಮಾಡಿದ.

"ಸಾರ್, ಇದು ಡೈರೆಕ್ಟ್ ಕೂಲ್, ಇದು ಫ್ರಾಸ್ಟ್ ಫ್ರೀ. ಇದ್ರಲ್ಲಿ ಕೂಲಿಂಗ್ ಫಾಸ್ಟು, ಫ್ರೀಜರ್ ಬಿಗ್ಗು, ಡೀಫ್ರಾಸ್ಟ್ ಮಾಡೋ ತಲೆನೋವಿಲ್ಲ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲಪ್ಪ, ಇಷ್ಟೊತ್ತು ಮಾತಾಡಿದೆಯಲ್ಲ, ಅದರಲ್ಲಿ ಕನ್ನಡ ಯಾವುದು?"

ರಂಗನಾಥ ಪ್ರಾಮಾಣಿಕವಾಗಿ ಯೋಚಿಸಿ ಹೇಳಿದ. "ತಲೆನೋವು ಸಾರ್."

ಇಡೀ ಶೋರೂಮು ನಕ್ಕಿತು. ಬಿಲ್ಲಿಂಗ್ ಕೌಂಟರಿನ ಹುಡುಗಿ ನಕ್ಕಳು, ವಾಷಿಂಗ್ ಮೆಷಿನ್ ವಿಭಾಗದವನು ತನ್ನ ಗಿರಾಕಿಯನ್ನು ಬಿಟ್ಟು ಬಂದು ನಕ್ಕುಹೋದ. ಮೇಷ್ಟ್ರು ಫ್ರಿಜ್ ಕೊಳ್ಳದೆ ಮನೆಗೆ ಹೋದರು. ರಂಗನಾಥ ಮಾತ್ರ ಅಲ್ಲೇ ನಿಂತು ಒಂದು ಶಪಥ ಮಾಡಿದ. ಇನ್ನು ಮುಂದೆ ತಂಪಿಗೆ ಸಂಬಂಧಿಸಿದ ಒಂದೇ ಒಂದು ಇಂಗ್ಲಿಷ್ ಪದ ತನ್ನ ಬಾಯಿಂದ ಹೊರಡಕೂಡದು. ಬಿಸಿಗೆ ಸಂಬಂಧಿಸಿದ್ದನ್ನು ಆಮೇಲೆ ನೋಡಿಕೊಳ್ಳೋಣ, ಅದು ಗೀಜರ್ ವಿಭಾಗದವನ ಕೆಲಸ.

ಮಾರನೆಯ ದಿನದಿಂದ ಫ್ರಿಜ್ಜು 'ಶೀತಲ ಪೆಟ್ಟಿಗೆ'ಯಾಯಿತು. ಫ್ರೀಜರ್ 'ಹೆಪ್ಪುಗೂಡು', ಏಸಿ 'ತಂಗಾಳಿ ಯಂತ್ರ', ಐಸು 'ನೀರ್ಗಲ್ಲು' ಆದವು. ಗಿರಾಕಿಗಳು ಮೊದಮೊದಲು ಇದೇನೋ ಹೊಸ ಕಂಪನಿ ಎಂದುಕೊಂಡು ಸಹಿಸಿದರು. ಆದರೆ ಗೂಳೂರಿನಿಂದ ಬಂದಿದ್ದ ಒಬ್ಬ ಹೆಂಗಸಿಗೆ ಅವನು, "ಈ ಪೆಟ್ಟಿಗೆಯಲ್ಲಿ ಬೇಗ ಕಲ್ಲಾಗುತ್ತೆ ಅಮ್ಮ, ಒಂದೇ ಗಂಟೆ ಸಾಕು" ಎಂದು ಹೆಮ್ಮೆಯಿಂದ ಹೇಳಿದಾಗ ಆಕೆ ಗಂಡನ ಕೈ ಹಿಡಿದು ಎಳೆದುಕೊಂಡು ಹೊರಟಳು.

"ಬನ್ರೀ ಹೋಗಾನ. ನಿಮಗೆ ಆಗ್ಲೇ ಕಿಡ್ನೀಲಿ ಒಂದೈತೆ."

ಮಾಲೀಕರು ರಂಗನಾಥನನ್ನು ಕರೆದು, ಬಹಳ ಮರ್ಯಾದೆಯಿಂದಲೇ, ಮಿಕ್ಸಿ ವಿಭಾಗಕ್ಕೆ ಹಾಕಿದರು.

ನಾಡಿಗಾಗಿ ನೊಂದವರ ಸಾಲಿನಲ್ಲಿ ತಾನೂ ಒಬ್ಬನೆಂದು ರಂಗನಾಥ ಭಾವಿಸಿದ. ಅಂಗಡಿಯಲ್ಲಿ ಅವಕಾಶ ತಪ್ಪಿದ್ದರಿಂದ ಮನೆಯಲ್ಲಿ ಭಾಷಾಸೇವೆ ಇಮ್ಮಡಿಯಾಯಿತು. "ಕೋಮಲಾ, ಹೆಪ್ಪುಗೂಡಿನಿಂದ ಎರಡು ನೀರ್ಗಲ್ಲು ತಾ" ಎಂದರೆ ಹೆಂಡತಿ ಕೋಮಲಾ ಅಡುಗೆಮನೆಯಿಂದಲೇ ಉತ್ತರಿಸುತ್ತಿದ್ದಳು. "ನಿಮ್ಮ ಬಾಯಲ್ಲಿ ಫ್ರಿಜ್ಜು ಅಂತ ಬರೋವರ್ಗೂ ಬಿಸಿನೀರೇ ಕುಡೀರಿ." ಮಗನ ಜೊತೆಗೇ ಇದ್ದ ತಂದೆ ಗಂಗಹನುಮಯ್ಯನವರು ಯಾವ ಪಕ್ಷವನ್ನೂ ಸೇರದೆ, ತಮಗೆ ಬೇಕಾದ ನೀರನ್ನು ತಾವೇ ಎದ್ದು ತೆಗೆದುಕೊಳ್ಳುತ್ತಿದ್ದರು.

ಸಂಗತಿ ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಮರಳೂರು ದಾಟುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ರಂಗನಾಥನ ಭಾಮೈದ ಅಂಜನ್‌ಕುಮಾರನ ಮದುವೆ ಒಂದು ಲೋಟ ಕಾಫಿಯಲ್ಲಿ ಮುಳುಗಿಹೋಯಿತು.

ಅಂಜನ್ ಗುಬ್ಬಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ. ಕುಣಿಗಲ್ಲಿನ ಬೇಕರಿ ವೆಂಕಟಯ್ಯನವರ ಮಗಳು ಮೋನಿಕಾ ಒಮ್ಮೆ ಬೇಕರಿಯ ಬ್ಯಾನರ್ ಮಾಡಿಸಲು ಬಂದವಳು, ಅಕ್ಷರ ತಪ್ಪಾಗಿದೆ ಎಂದು ಮತ್ತೆ ಬಂದು, ಬಣ್ಣ ಸರಿಯಿಲ್ಲ ಎಂದು ಮಗದೊಮ್ಮೆ ಬಂದು, ಕೊನೆಗೆ ಯಾವ ಕಾರಣವೂ ಇಲ್ಲದೆ ಬರುವ ಮಟ್ಟಕ್ಕೆ ಬಂದಿದ್ದಳು. ಎರಡೂ ಮನೆಯವರು ಒಪ್ಪಿದರು. ಅಂಜನ್‌ನ ತಂದೆ, ಅಂದರೆ ರಂಗನಾಥನ ಮಾವ, ಹಾಗಲವಾಡಿಯ ಚಿಕ್ಕಮಾರಯ್ಯನವರು ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದರು. ಬೀಗರಾಗುವವರಿಗೆ ಸಾಮಾನ್ಯ ಕಾಫಿ ಕೊಡುವುದೇ ಎಂದು ವೆಂಕಟಯ್ಯನವರು ತಮ್ಮ ಬೇಕರಿಯ ಹೆಸರುವಾಸಿ ಕೋಲ್ಡ್ ಕಾಫಿಯನ್ನು ಉದ್ದನೆಯ ಗಾಜಿನ ಲೋಟದಲ್ಲಿ, ಐಸ್ ತುಂಡು ತೇಲಿಸಿ, ಮೇಲೊಂದು ಚೆರ್ರಿ ಇಟ್ಟು ಕೊಟ್ಟರು. ಚಿಕ್ಕಮಾರಯ್ಯನವರು ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದು ಹೊರಟರು.

"ಗಂಡಿನ ಅಪ್ಪಂಗೆ ಆರೋದ ಕಾಫಿ ಕೊಡೋ ಮನೇಲಿ ಹೆಣ್ಣು ತರಲ್ಲ" ಎಂಬುದು ಅವರ ತೀರ್ಪು. "ಕಾಫಿ ಯಾವುದು ಅಂತ ಗೊತ್ತಿಲ್ದೋರ ಮನೆಗೆ ಹೆಣ್ಣು ಕೊಡಲ್ಲ" ಎಂಬುದು ವೆಂಕಟಯ್ಯನವರ ಪ್ರತಿತೀರ್ಪು. ಕರೆಯದೆ ಇವರು ಅಲ್ಲಿಗೆ ಹೋಗುವುದಿಲ್ಲ, ಕರೆದರೂ ಅವರು ಇಲ್ಲಿಗೆ ಬರುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಅಂಜನ್ ಅಂಗಡಿಯಲ್ಲಿ ಕೂತು ಯಾರ್ಯಾರದೋ ಮದುವೆಯ ಬ್ಯಾನರುಗಳನ್ನು ಪ್ರಿಂಟ್ ಮಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ಭಾವನಿಗೆ ಫೋನ್ ಮಾಡಿದ.

"ಭಾವ, ಅಪ್ಪ ನಿಮ್ಮ ಮಾತು ಕೇಳ್ತಾರೆ. ನೀವೊಂದ್ಸಲ ಹೋಗಿ ಹೇಳಿ."

ಅಪ್ಪ ಯಾರ ಮಾತನ್ನೂ ಕೇಳಿದವರಲ್ಲ ಎಂಬುದು ಕೋಮಲಾಗೆ ಗೊತ್ತಿತ್ತು. ಆದರೆ ತಮ್ಮನ ಗೋಳು ನೋಡಲಾರದೆ ಗಂಡನನ್ನು ಹೊರಡಿಸಿದಳು. ಬಾಗಿಲ ಹತ್ತಿರ ನಿಂತು ಹೇಳಿದ್ದು ಒಂದೇ ಮಾತು. "ಹೋಗಿ ಬನ್ನಿ. ಆದ್ರೆ ಕಡಿಮೆ ಮಾತಾಡಿ."

ಹಾಗಲವಾಡಿಯ ಊರಾಚೆ, ತೆಂಗಿನ ತೋಟದ ನಡುವೆ ಚಿಕ್ಕಮಾರಯ್ಯನವರ ಮನೆ. ಬೆಳಗಿನ ಮೊದಲ ಬಸ್ಸಿಗೇ ಬಂದ ಅಳಿಯನಿಗೆ ಅತ್ತೆ ಹನುಮಮ್ಮ ಮುದ್ದೆ, ಹುರುಳಿ ಸಾರು ಬಡಿಸಿದರು. ಮಾವ ಎದುರಿಗೆ ಕೂತು ಉಣ್ಣುತ್ತ ಕಾಫಿಯ ಕಥೆಯನ್ನು ಮೊದಲಿಂದ ಹೇಳಿದರು.

"ಅರ್ಧ ಲೋಟ ಕಾಫಿ, ಅರ್ಧ ಲೋಟ ಐಸು ಕಣಯ್ಯ! ನಂಗೇನ್ ಜ್ವರ ಬಂದಿತ್ತಾ, ಹಣೆ ಮೇಲೆ ಇಟ್ಕಳಕ್ಕೆ?"

"ಮಾವ, ಅದು ಆರಿದ್ದಲ್ಲ. ಅದರ ಜಾತಿಯೇ ಹಾಗೆ. ಅದನ್ನು..." ಇಲ್ಲಿ ರಂಗನಾಥ ತಡವರಿಸಿದ. ಕೋಲ್ಡ್ ಕಾಫಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಪಥ ನೆನಪಾಯಿತು. ಒಂದು ಮದುವೆಗಾಗಿ ಶಪಥ ಮುರಿಯುವುದೇ? "ಅದನ್ನು ಶೀತದ ಕಾಫಿ ಅಂತಾರೆ ಮಾವ."

ಚಿಕ್ಕಮಾರಯ್ಯನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಶೀತದ ಕಾಫಿನಾ? ಶೀತ ಆದೋರಿಗೆ ಕೊಡೋದಾ?"

ರಂಗನಾಥ ಬಾಯಿ ತೆರೆದ. ಅಷ್ಟರಲ್ಲಿ ಮಾವ ಹೆಂಡತಿಯ ಕಡೆ ತಿರುಗಿದ್ದರು.

"ಕೇಳ್ದಾ ಹನುಮಿ? ಅವತ್ತು ಬೆಳಗಿಂದ ನಂಗೆ ಮೂಗು ಸೋರ್ತಿತ್ತು. ಅವ್ರ ಬಾಗ್ಲಲ್ಲೇ ಎರಡು ಸಲ ಸೀನಿದ್ದೆ. ಅದ ನೋಡ್ಬುಟ್ಟು, ನಾನ್ ಕೇಳ್ದೇನೆ, ಔಷ್ಧಿ ಕಾಫಿ ಮಾಡ್ಕೊಟ್ಟವ್ರೆ! ನಾನು ಅದ ಬುಟ್ಟೆದ್ದು ಬಂದ್ನಲ್ಲೇ! ಎಂಥ ಜನ ಕಣಯ್ಯ ಅವ್ರು!"

ಈ ಹೊತ್ತಿನಲ್ಲಿ ರಂಗನಾಥ ಮಾಡಿದ ಕೆಲಸ ಅವನ ಬದುಕಿನಲ್ಲೇ ಅತ್ಯಂತ ಬುದ್ಧಿವಂತಿಕೆಯದು. ಅವನು ಸುಮ್ಮನಿದ್ದ.

"ಇವತ್ತೇ ಬರಾಕ್ ಹೇಳು ಅವ್ರಿಗೆ" ಎಂದರು ಮಾವ ಕೈತೊಳೆಯುತ್ತ. "ನಾಳೆ ಅಂದ್ರೆ ನನ್ ಮನ್ಸು ಹೆಂಗಿರ್ತದೋ ಏನೋ. ನಮ್ಮೋರ್ನೂ ಎಲ್ಲಾ ಕರಿ, ತಾಂಬೂಲ ಬದಲಾಯ್ಸಿ ಬುಡಾನ. ಬಿಸ್ಲಲ್ಲಿ ಬರ್ತಾರೆ, ತಣ್ಣಗೆ ಏನಾರ ಕೊಡ್ಬೇಕು. ನಮ್ಮನೇಲಿ ಫ್ರಿಜ್ಜಿಲ್ಲ, ಗುಬ್ಬಿಯಿಂದ ಆ ಐಸ್ ಡಬ್ಬ ಗಿಬ್ಬ ಏನಾರ ತರ್ಸು."

ತೋಟದ ಮನೆಯಲ್ಲಿ ಫೋನಿಗೆ ಸಿಗ್ನಲ್ ಬರುವುದಿಲ್ಲ. ಕೆರೆ ಏರಿಯ ಮೇಲೆ ಒಂದು ಹುಣಸೆಮರದ ಕೆಳಗೆ ಮಾತ್ರ ಸಿಗುತ್ತದೆ. ರಂಗನಾಥ ಗೆದ್ದ ಸೇನಾಪತಿಯ ಹಾಗೆ ನಡೆದುಹೋಗಿ ಮರದ ಕೆಳಗೆ ನಿಂತು ಕುಟುಂಬದ ವಾಟ್ಸಾಪ್ ಗ್ರೂಪನ್ನು ತೆರೆದ. ಮೊದಲು 'ಮಾವ ಕೂಲ್ ಆದ್ರು' ಎಂದು ಬರೆದ. ಛೇ, ಎಂದು ಅಳಿಸಿದ. ಹಾಗೇ ಕಳಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಭಾಷೆಯ ಮೇಲೆ ಪ್ರೀತಿ ಇರುವವನು ಸುಖದ ದಾರಿ ಹಿಡಿಯುವುದಿಲ್ಲ. ಬಹಳ ಹೊತ್ತು ಯೋಚಿಸಿ, ಒಂದೊಂದು ಪದವನ್ನೂ ತೂಗಿ, ಅವನು ಕಳಿಸಿದ ಸಂದೇಶ ಇದು.

'ಮಾವನವರು ಇಂದು ಊಟ ಮಾಡುತ್ತಿರುವಾಗಲೇ ಸಂಪೂರ್ಣವಾಗಿ ತಣ್ಣಗಾದರು. ಅವರ ಬಗ್ಗೆ ಇನ್ನು ಯಾರಿಗೂ ಭಯ ಬೇಡ. ಎಲ್ಲರೂ ಈಗಲೇ ಹೊರಟು ಬನ್ನಿ, ನಾಳೆಯವರೆಗೆ ಇಡುವಂತಿಲ್ಲ. ಕುಣಿಗಲ್ಲಿನವರಿಗೂ ತಿಳಿಸಿ. ಹೂವು, ಹಣ್ಣು, ಕಾಯಿ ತನ್ನಿ. ಬಿಸಿಲು ಹೆಚ್ಚಿರುವುದರಿಂದ ಅಂಜನ್ ಗುಬ್ಬಿಯಿಂದ ಒಂದು ಶೀತಲ ಪೆಟ್ಟಿಗೆ ತರಲಿ.'

ಒಂದೂ ಇಂಗ್ಲಿಷ್ ಪದವಿಲ್ಲ. ರಂಗನಾಥ ಎರಡು ಸಲ ಓದಿಕೊಂಡು, ಫೋನನ್ನು ಜೇಬಿಗಿಟ್ಟು, ಮನೆಗೆ ವಾಪಸು ಬಂದು, ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಾವನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ.

ಮರಳೂರಿನಲ್ಲಿ ಕೋಮಲಾ ಸಂದೇಶ ಓದಿ ಗೋಡೆಗೊರಗಿ ಕೂತುಬಿಟ್ಟಳು. ಪಕ್ಕದ ಮನೆಯ ಶಿವರುದ್ರಮ್ಮ ಓಡಿಬಂದು ಫೋನು ಕಿತ್ತುಕೊಂಡು ಜೋರಾಗಿ ಓದಿದರು. ಅವರು ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ, ಪ್ರತಿ ವಾಕ್ಯಕ್ಕೂ ಟೀಕೆ ಬೇಕು.

"ಸಂಪೂರ್ಣವಾಗಿ ತಣ್ಣಗಾದರು... ಅಯ್ಯೋ ಶಿವನೇ, ಕೈಕಾಲೆಲ್ಲಾ. ಊಟ ಮಾಡ್ತಿರುವಾಗ್ಲೇ... ತುತ್ತು ಗಂಟಲಲ್ಲಿತ್ತೋ ಏನೋ. ಭಯ ಬೇಡ... ಹೂಂ, ಬದುಕಿದ್ದಾಗ ಎಲ್ಲಾರೂ ಹೆದರ್ತಿದ್ರಲ್ಲ. ನಾಳೆಯವರೆಗೆ ಇಡುವಂತಿಲ್ಲ... ಈ ಬಿಸ್ಲಿಗೆ ಎಲ್ಲಿಡಕ್ಕಾಯ್ತದೆ? ಶೀತಲ ಪೆಟ್ಟಿಗೆ..." ಇಲ್ಲಿ ಅವರಿಗೂ ದುಃಖ ಉಕ್ಕಿಬಂತು. ಫೋನು ವಾಪಸು ಕೊಟ್ಟು ಸೆರಗು ಬಾಯಿಗಿಟ್ಟುಕೊಂಡರು.

"ಒಂದ್ಸಲ ಫೋನ್ ಮಾಡಿ ನೋಡವ್ವ" ಎಂದರು ಗಂಗಹನುಮಯ್ಯ. ಮಾಡಿದರು. ರಂಗನಾಥನ ಫೋನು ವ್ಯಾಪ್ತಿಪ್ರದೇಶದ ಹೊರಗಿತ್ತು. ಅದನ್ನು ಹೇಳಿದ ಹೆಣ್ಣುದನಿಯೂ ಅಂದು ಸ್ವಲ್ಪ ಗದ್ಗದವಾಗಿದ್ದಂತೆ ಕೋಮಲಾಗೆ ಕೇಳಿಸಿತು.

ಗುಬ್ಬಿಯಲ್ಲಿ ಅಂಜನ್ ಅಂಗಡಿಯ ಮೆಟ್ಟಿಲ ಮೇಲೆ ತಲೆಹಿಡಿದು ಕೂತ. ಒಂದು ಕಾಫಿಗಾಗಿ ಅಪ್ಪನ ಜೊತೆ ಮಾತು ಬಿಟ್ಟಿದ್ದೆನಲ್ಲಾ ಎಂಬುದೊಂದೇ ಅವನ ಸಂಕಟ. ಅವನ ಗೆಳೆಯರು ದುಃಖದಲ್ಲಿ ಕೈಕಟ್ಟಿ ಕೂರುವವರಲ್ಲ. ಒಬ್ಬ ಶವ ಇಡುವ ಫ್ರೀಜರಿನ ವ್ಯಾನಿಗೆ ಹೇಳಿದ. ಇನ್ನೊಬ್ಬ ಕಂಪ್ಯೂಟರಿನ ಮುಂದೆ ಕೂತು, ಅಂಜನ್‌ನ ಕಣ್ಣೀರು ನಿಲ್ಲುವ ಮೊದಲೇ ಆಳೆತ್ತರದ ಫ್ಲೆಕ್ಸ್ ಹೊರಡಿಸಿದ. ಸಿಕ್ಕಿದ್ದು ಒಂದೇ ಫೋಟೋ, ಮೊಮ್ಮಗಳೊಬ್ಬಳ ಹುಟ್ಟುಹಬ್ಬದಲ್ಲಿ ತೆಗೆದದ್ದು. ಚಿಕ್ಕಮಾರಯ್ಯನವರು ಕರಿ ಕನ್ನಡಕ ಹಾಕಿ ಎರಡು ಬೆರಳು ತೋರಿಸುತ್ತಿದ್ದರು. ಕೆಳಗೆ ದೊಡ್ಡಕ್ಷರದಲ್ಲಿ 'ಮತ್ತೆ ಹುಟ್ಟಿ ಬನ್ನಿ'.

ಕುಣಿಗಲ್ಲಿನ ಬೇಕರಿಯಲ್ಲಿ ವೆಂಕಟಯ್ಯನವರು ಸುದ್ದಿ ಕೇಳಿ ಬಿಳಿಚಿಕೊಂಡರು. ಹೆಂಡತಿ ಪ್ರಮೀಳಾರನ್ನು ಒಳಗೆ ಕರೆದು ಪಿಸುಗುಟ್ಟಿದರು.

"ಲೇ, ಅವತ್ತು ಮೂಗು ಸೋರ್ತಿತ್ತು ಕಣೇ ಅವ್ರಿಗೆ. ನಾನು ನೋಡ್ದೆ. ನೋಡೀ ನೋಡೀ ಐಸ್ ಹಾಕಿ ಕೊಟ್ಟೆ. ಅದೇ ಶೀತ ಎದೆಗಿಳಿದೈತೆ."

"ಒಂದೇ ಗುಟುಕು ಕುಡಿದಿದ್ದು ಕಣ್ರೀ."

"ವಯಸ್ಸಾದೋರ್ಗೆ ಒಂದು ಗುಟುಕು ಸಾಕಲ್ವೇನೇ?"

ಕರೆದರೂ ಹೋಗುವುದಿಲ್ಲ ಎಂದಿದ್ದ ವೆಂಕಟಯ್ಯನವರು ಇದ್ದುದರಲ್ಲಿ ದೊಡ್ಡ ಹಾರವನ್ನು ಆರಿಸಿ, ಹೆಂಡತಿ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಹಾಗಲವಾಡಿಯ ದಾರಿ ಹಿಡಿದರು.

ಇತ್ತ ತೋಟದ ಮನೆಯ ಜಗಲಿಯ ಮೇಲೆ ಹನುಮಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಬೆಳಗಿನ ಸಂತೋಷದಲ್ಲಿ ಮಗನ ಮದುವೆಗೆ ಎಷ್ಟು ಹುಣಸೆಹಣ್ಣು ಬೇಕಾದೀತು ಎಂಬ ಯೋಚನೆ. ಅಷ್ಟರಲ್ಲಿ ಅಂಗಳಕ್ಕೆ ಟೆಂಪೋ ಬಂತು. ಅದು ನಿಲ್ಲುವ ಮೊದಲೇ ಕೋಮಲಾ ಇಳಿದು ಓಡಿಬಂದು ತಾಯಿಯನ್ನು ತಬ್ಬಿಕೊಂಡು ಗೋಳೋ ಎಂದಳು.

"ಮನೆಗೆ ದೊಡ್ಡೋರು ಹೋಗ್ಬುಟ್ರಲ್ಲವ್ವಾ!"

ಹನುಮಮ್ಮನ ಕಿವಿಗೆ ಒಳಗಿನಿಂದ ತಮ್ಮ ಯಜಮಾನರ ಗೊರಕೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾದರೆ ಹೋದ ದೊಡ್ಡವರು ಮಗಳ ಮನೆಯ ದೊಡ್ಡವರೇ ಆಗಬೇಕು. ಪಾಪ, ಮೊನ್ನೆ ಹಬ್ಬಕ್ಕೆ ಬಂದಾಗ ಮಂಡಿನೋವು ಎನ್ನುತ್ತಿದ್ದರು.

"ಅಯ್ಯೋ ಬೀಗರೇ! ದೇವ್ರಂಥಾ ಬೀಗರೇ!" ಎಂದು ಹನುಮಮ್ಮ ಮಗಳಿಗಿಂತ ಜೋರಾಗಿ ಶುರುಮಾಡಿದರು. ತಾಯಿ ಒಬ್ಬರಿಗಾಗಿ, ಮಗಳು ಇನ್ನೊಬ್ಬರಿಗಾಗಿ, ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ಅತ್ತರು. ಶಿವರುದ್ರಮ್ಮ ಇಬ್ಬರಿಗೂ ಸೇರಿಸಿ ಅತ್ತರು.

ಒಳಗೆ ಚಿಕ್ಕಮಾರಯ್ಯನವರಿಗೆ ಎಚ್ಚರವಾಯಿತು. ಕಿವಿಗೆ ಬಿದ್ದದ್ದು 'ಬೀಗರೇ' ಎಂಬ ಗೋಳು. ಅವರು ಪಕ್ಕದಲ್ಲಿದ್ದ ಅಳಿಯನನ್ನು ಅಲ್ಲಾಡಿಸಿ ಎಬ್ಬಿಸಿದರು.

"ಏಳಯ್ಯಾ ರಂಗನಾಥ. ಧೈರ್ಯ ತಂದ್ಕೋ. ನಿಮ್ಮಪ್ಪ ಹೋದ್ನಂತೆ."

ರಂಗನಾಥ ನಿದ್ದೆಗಣ್ಣಿನಲ್ಲಿ "ಅಪ್ಪಾ!" ಎಂದು ಕಿರುಚಿ, ಪಂಚೆ ಸರಿಯಾಗಿ ಕಟ್ಟಿಕೊಳ್ಳದೆ ಬಾಗಿಲಾಚೆ ಓಡಿದ. ಅಂಗಳದಲ್ಲಿ ಮಂಡಿನೋವಿನ ಗಂಗಹನುಮಯ್ಯನವರನ್ನು ಇಬ್ಬರು ಹಿಡಿದು ಟೆಂಪೋದಿಂದ ಇಳಿಸುತ್ತಿದ್ದರು. ರಂಗನಾಥ ನೇರವಾಗಿ ಹೋಗಿ ಅವರಿಗೇ ಡಿಕ್ಕಿ ಹೊಡೆದ. ಮಾವನ ಸಾವಿಗೆ ಮಗ ಇಷ್ಟು ಕುಗ್ಗಿದ್ದಾನಲ್ಲಾ ಎಂದು ಅವರಿಗೆ ಕರುಳು ಚುರ್ರೆಂದಿತು. ಬೆನ್ನು ತಟ್ಟಿದರು.

"ಸಮಾಧಾನ ಮಾಡ್ಕಳಪ್ಪ. ಎಲ್ಲಾರೂ ಒಂದಿನ ಹೋಗೋರೇ."

"ಅಪ್ಪಾ! ನೀನು ಹೋಗ್ಬುಟ್ಯಂತಲ್ಲಪ್ಪಾ!"

"ಹೋಗಿಲ್ಲ ಕಣೋ. ಈಗ ಬಂದೆ."

ಅಳಿಯನ ಹಿಂದೆಯೇ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಅವನಿಗೆ ಹೇಳಬೇಕಾದ ಸಮಾಧಾನದ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತ ಚಿಕ್ಕಮಾರಯ್ಯನವರು ಬಾಗಿಲಿಗೆ ಬಂದರು. ಗಂಗಹನುಮಯ್ಯ ತಲೆಯೆತ್ತಿದರು. ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ಒಂದೇ ಸಲ ಕೂಗಿದರು.

"ಬೀಗ್ರೇ, ನೀವು ಸತ್ತಿಲ್ವಾ?"

ಅಂಜನ್‌ನ ಜೊತೆ ಆಗತಾನೇ ಗುಬ್ಬಿಯ ವ್ಯಾನಿನಿಂದ ಇಳಿದು, ಸುತ್ತಿದ ಫ್ಲೆಕ್ಸ್ ಹಿಡಿದಿದ್ದ ಗೆಳೆಯರ ಕೈ ಸಡಿಲಾಗಿ ಅದು ತಾನಾಗಿ ಬಿಚ್ಚಿಕೊಂಡಿತು. ಬಾಗಿಲಲ್ಲೊಬ್ಬರು, ಫ್ಲೆಕ್ಸಿನಲ್ಲೊಬ್ಬರು, ಇಬ್ಬರು ಚಿಕ್ಕಮಾರಯ್ಯನವರು ಎದುರುಬದುರಾದರು. ಅವರು ಕಣ್ಣು ಕಿರಿದು ಮಾಡಿ ತಮ್ಮನ್ನು ತಾವೇ ನೋಡಿಕೊಂಡರು. ಕೆಳಗಿನ ಸಾಲನ್ನು ಓದಿದರು.

"ಮತ್ತೆ ಹುಟ್ಟಿ ಬರೋದಿರ್ಲಿ. ಈ ಫೋಟೋ ಯಾಕ್ಲಾ ಹಾಕ್ದೆ? ಶಲ್ಯ ಹೊದ್ದಿರೋದು ಇತ್ತಲ್ಲ ಮನೇಲಿ!"

ಆ ದನಿ ಕೇಳಿದ್ದೇ ಕೋಮಲಾ ತಾಯಿಯನ್ನು ಬಿಟ್ಟು ಓಡಿಬಂದಳು. ಅಪ್ಪನ ಕೈ ಹಿಡಿದಳು, ಅಂಗೈ ಮುಟ್ಟಿದಳು, ಕೆನ್ನೆ ಮುಟ್ಟಿದಳು. ಎಲ್ಲವೂ ಬೆಚ್ಚಗಿದ್ದವು. ಅವಳಿಗೆ ಅಳು ನಿಲ್ಲಲಿಲ್ಲ, ನಗು ಬೇರೆ ಸೇರಿಕೊಂಡಿತು. ಆ ಕೈಯನ್ನು ಮಾತ್ರ ಬಿಡಲಿಲ್ಲ. ಚಿಕ್ಕಮಾರಯ್ಯನವರೂ ಬಿಡಿಸಿಕೊಳ್ಳಲಿಲ್ಲ. ಅಂಜನ್ ಬಂದು ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, "ಅಪ್ಪಾ, ಆ ಹೆಣ್ಣೇ ಬ್ಯಾಡ ಕಣಪ್ಪಾ, ನೀನಿದ್ರೆ ಸಾಕು" ಎಂದು ಬಿಕ್ಕಿದ. ಅಪ್ಪನಿಗೆ ಏನೊಂದೂ ಅರ್ಥವಾಗದಿದ್ದರೂ ಮಗನ ತಲೆಯ ಮೇಲೆ ಕೈಯಿಟ್ಟರು.

"ಅಣ್ಣ," ಎಂದಿತು ಹಿಂದಿನಿಂದ ಒಂದು ದನಿ. ಉದ್ದನೆಯ ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಿಟ್ಟು ಡ್ರೈವರ್ ಬೆವರು ಒರೆಸಿಕೊಳ್ಳುತ್ತಿದ್ದ. "ಬಾಡಿ ಎಲ್ಲಿ?"

"ನಾನೇ" ಎಂದರು ಚಿಕ್ಕಮಾರಯ್ಯ.

ಡ್ರೈವರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ವೃತ್ತಿಯಲ್ಲಿ ಅವನು ಬಹಳ ಕಂಡವನು, ತಾಳ್ಮೆಯುಳ್ಳವನು. "ಇನ್ನೂ ಟೈಮ್ ಐತೇನಣ್ಣ? ಕಾಯ್ಲಾ?"

ಆಗ ಎಲ್ಲರೂ ಏಕಕಾಲಕ್ಕೆ ರಂಗನಾಥನ ಕಡೆ ತಿರುಗಿದರು. ಶಿವರುದ್ರಮ್ಮ ಕೋಮಲಾಳ ಫೋನು ತೆಗೆದು ಸಂದೇಶವನ್ನು ಇನ್ನೊಮ್ಮೆ ಜೋರಾಗಿ ಓದಿದರು. ರಂಗನಾಥ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತ, ಇದರಲ್ಲಿ ತಪ್ಪೇನು ಎಂದು ಹುಡುಕುತ್ತಿದ್ದ.

"ಕೋಪ ಇಳೀತು ಅಂತ ಬರೆದಿದ್ದೀನಿ. ಅಪ್ಪಟ ಕನ್ನಡದಲ್ಲಿ."

"ಕೋಪ ಅನ್ನೋದು ಎಲ್ಲೈತೆ ಇದ್ರಲ್ಲಿ?" ಎಂದಳು ಕೋಮಲಾ.

ರಂಗನಾಥ ಫೋನು ಇಸಿದುಕೊಂಡು ಓದಿದ. ಹುಡುಕಿದ. ಇರಲಿಲ್ಲ.

"ತಣ್ಣಗಾದ್ರಂತೆ!" ಗಂಗಹನುಮಯ್ಯ ಮಂಡಿನೋವು ಮರೆತು ಊರುಗೋಲು ಎತ್ತಿದರು. "ಹುಟ್ಟಿಸ್ದ ಅಪ್ಪನ್ನ, ಹೆಣ್ಣು ಕೊಟ್ಟ ಮಾವನ್ನ, ಇಬ್ರನ್ನೂ ಒಂದೇ ಮಧ್ಯಾಹ್ನ ಸಾಯ್ಸಿಬುಟ್ಯಲ್ಲೋ!"

ರಂಗನಾಥ ನಾಡುನುಡಿಯ ಚರ್ಚೆಗೆ ಇದು ಹೊತ್ತಲ್ಲವೆಂದು ತಿಳಿದು ಹುಲ್ಲಿನ ಮೆದೆಯ ಹಿಂದಕ್ಕೆ ಸರಿದ. ಅಷ್ಟರಲ್ಲಿ ಕುಣಿಗಲ್ಲಿನ ಕಾರು ಬಂದು ನಿಂತಿತು. ವೆಂಕಟಯ್ಯನವರು ತಲೆತಗ್ಗಿಸಿಕೊಂಡು ಇಳಿದರು. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಎರಡೂ ಕೈಯಲ್ಲಿ ಹಾರ ಹಿಡಿದು, ಜನ ಸೇರಿದ್ದ ಕಡೆಗೆ ನಡೆದುಬಂದು, ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಖಾಲಿಯಿರುವುದನ್ನೂ ಗಮನಿಸದೆ ಹಾರದ ಸಮೇತ ಕೈಮುಗಿದರು.

"ಕ್ಷಮ್ಸಿ ಬೀಗ್ರೇ. ನಿಮಗೆ ಆ ಕೋಲ್ಡ್ ಕಾಫಿ ಕೊಡಬಾರ್ದಾಗಿತ್ತು. ನಿಮ್ಮ ಕೈಹಿಡಿದು ವಾಪಸ್ ಕೂರಿಸ್ಬೇಕಿತ್ತು. ನನ್ನ ಅಹಂಕಾರ ಕಣ್ರೀ."

"ಯಾಕ್ ಕೊಡಬಾರ್ದು?" ಎಂಬ ದನಿ ಹಿಂದಿನಿಂದ ಬಂತು. "ಅದ ಒಂದ್ ಗುಟುಕು ಕುಡಿದಿದ್ದಕ್ಕೇ ನನ್ ಶೀತ ನಿಂತೇ ಹೋಯ್ತಲ್ರೀ!"

ವೆಂಕಟಯ್ಯ ತಿರುಗಿದರು. ಹಾರ ಕೈಯಿಂದ ಜಾರಿತು. ಪ್ರಮೀಳಾ ಮಗಳ ಹಿಂದೆ ಅಡಗಿದರು. ಎದುರಿಗೆ ನಿಂತವರು ದೆವ್ವವಲ್ಲ, ಕೋಪ ಇಳಿದ ಮನುಷ್ಯನೆಂದು ಅವರಿಗೆ ಮನದಟ್ಟಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋಲ್ಡ್ ಕಾಫಿ ಶೀತಕ್ಕೆ ಔಷಧಿ ಹೇಗಾಯಿತೆಂಬುದು ಮಾತ್ರ ತಿಳಿಯಲಿಲ್ಲ. ಕೇಳೋಣವೆಂದು ಬಾಯಿ ತೆರೆದರೆ, ಮೆದೆಯ ಹಿಂದಿನಿಂದ ರಂಗನಾಥ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತೋರಿಸುತ್ತಿದ್ದ. ವೆಂಕಟಯ್ಯ ವ್ಯಾಪಾರಸ್ಥರು, ಸೂಕ್ಷ್ಮ ತಿಳಿದವರು. ಬಾಯಿ ಮುಚ್ಚಿದರು.

"ಕರೀದೇ ಬಂದ್ರಲ್ಲ" ಎಂದರು ಚಿಕ್ಕಮಾರಯ್ಯ, ಅವರ ಕೈ ಹಿಡಿದುಕೊಂಡು. ದನಿ ಒಂದಿಷ್ಟು ಒದ್ದೆಯಾಗಿತ್ತು. "ನಾನ್ ಸತ್ತೋದೆ ಅಂತ ಕರೀದೇ ಬಂದ್ರಿ. ಅದೇ ನಂಗೆ ಸಾಕು. ಇನ್ ಕರ್ದು ಬರೋದೇನೈತೆ, ಈ ಮನೇನೂ ನಿಮ್ಮದೇ ಅನ್ಕಳಿ."

ಅಂಗಳದಲ್ಲೇ ಚಾಪೆ ಹಾಸಿದರು. ಅಳಲು ಬಂದವರು ತಾಂಬೂಲಕ್ಕೆ ಕೂತರು. ತಂದಿದ್ದ ಹೂವಿನಲ್ಲಿ ಯಾವುದು ಶುಭಕ್ಕೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೆಂಗಸರು ವಿಂಗಡಿಸಿದರು. ಅಂಜನ್‌ನ ಪಕ್ಕ ಮೋನಿಕಾ ಕೂತಳು. ಇಬ್ಬರ ಕಣ್ಣೂ ಅತ್ತು ಕೆಂಪಾಗಿದ್ದವು, ಒಬ್ಬರನ್ನೊಬ್ಬರು ನೋಡಿ ನಕ್ಕರು.

ಉಳಿದದ್ದು ಆ ಪೆಟ್ಟಿಗೆ. ಮಜ್ಜಿಗೆ ಕಾದುಹೋಗಿತ್ತು, ಎಳನೀರು ಬಿಸಿಲಿಗೆ ಬೆಚ್ಚಗಿತ್ತು. ಚಿಕ್ಕಮಾರಯ್ಯನವರು ಪೆಟ್ಟಿಗೆಯನ್ನು ಒಂದು ಸುತ್ತು ಬಂದು, ಗಾಜು ತಟ್ಟಿ ನೋಡಿ, ಡ್ರೈವರನ್ನು ಕೇಳಿದರು.

"ಹೊಸದಾ?"

"ಹೊಸದೇ ಅಣ್ಣ. ಇವತ್ತೇ ಬೋಣಿ. ನೀವೇ ಮೊದ್ಲು."

"ಹಂಗಾರೆ ಕರೆಂಟು ಕೊಡು. ಮಜ್ಜಿಗೆ ಕೊಡ ಇಡು ಒಳಗೆ."

"ಥೂ, ಅದ್ರಲ್ಲಾ!" ಎಂದರು ಹನುಮಮ್ಮ. ಹೆಂಗಸರೆಲ್ಲ ಮೂಗು ಮುರಿದರು. ಗಂಡಸರು ಆಕಾಶ ನೋಡಿದರು.

"ನನ್ ಹೆಸರಲ್ಲಿ ಬಂದೈತೆ. ನಾನ್ ಕುಡೀತೀನಿ, ಬ್ಯಾಡ ಅನ್ನೋರು ಬಿಸಿನೀರು ಕುಡ್ಕಳ್ಳಿ" ಎಂದರು ಅವರು. ಸ್ವಲ್ಪ ಹೊತ್ತಿನ ಮೇಲೆ ಮೊದಲ ಲೋಟ ಎತ್ತಿ ಗಟಗಟನೆ ಕುಡಿದು ಕಣ್ಣು ಮುಚ್ಚಿ ತಲೆಯಾಡಿಸಿದರು. ಬಿಸಿಲು ಉರಿಯುತ್ತಿತ್ತು. ಮೊದಲು ಡ್ರೈವರ್ ಲೋಟ ಹಿಡಿದ, ಆಮೇಲೆ ವೆಂಕಟಯ್ಯ. ಕೊಡ ಖಾಲಿಯಾದಾಗ ಶಿವರುದ್ರಮ್ಮ ಇನ್ನೊಂದು ಲೋಟ ಸಿಗುತ್ತದೆಯೇ ಎಂದು ಕೇಳುತ್ತಿದ್ದರು.

ರಂಗನಾಥನನ್ನು ಯಾರೂ ಕರೆಯಲಿಲ್ಲ. ಮೆದೆಯ ಹಿಂದೆ ಕೂತೇ ಇದ್ದ. ಕೊನೆಗೆ ಕೋಮಲಾಳೇ ಲೋಟ ತಂದುಕೊಟ್ಟಳು.

"ದಾರೀಲಿ ಒಂದೊಂದು ಊರು ದಾಟೋವಾಗ್ಲೂ ಎದೆ ಹರೀತಿತ್ತು ಕಣ್ರೀ" ಎಂದಳು. "ಇನ್ಮೇಲೆ ಏನ್ ಬರೀಬೇಕಾದ್ರೂ ಮೊದ್ಲು ನಂಗೆ ಓದಿ ಹೇಳಿ."

"ಆಯ್ತು" ಎಂದ ರಂಗನಾಥ. ಮುಂದೆ ಏನೋ ಹೇಳಲು ಪದ ಹುಡುಕಿದ. ಸಿಗಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು ಕೂತ.

ಸಂಜೆ ಎಲ್ಲರೂ ಹೊರಟರು. ಅಳಿಯ ಮಗಳು ಮಾತ್ರ ಉಳಿದರು. ಚಿಕ್ಕಮಾರಯ್ಯನವರು ಜಗಲಿಯ ಮೇಲೆ ಕೂತು ಮದುವೆಗೆ ಯಾರನ್ನು ಕರೆಯಬೇಕೆಂದು ಲೆಕ್ಕ ಹಾಕತೊಡಗಿದರು. ಲೆಕ್ಕ ಬಹಳ ಸುಲಭವಾಗಿತ್ತು. ಇವತ್ತು ಅಳುತ್ತ ಬಂದವರಿಗೆ ಕಾರ್ಡು, ಬಾರದವರಿಗೆ ಇಲ್ಲ. ಒಂದು ಹೆಸರಿನ ಹತ್ತಿರ ಬಂದಾಗ ಅವರ ಮುಖ ಸಪ್ಪಗಾಯಿತು.

"ಗುಬ್ಬಿ ದಾಸಯ್ಯ ಬರ್ಲೇ ಇಲ್ವಲ್ಲೇ ಹನುಮಿ?"

ದಾಸಯ್ಯ ಅವರ ಚಿಕ್ಕಪ್ಪನ ಮಗ, ಒಟ್ಟಿಗೆ ಓದಿದವನು, ಒಟ್ಟಿಗೆ ಫೇಲಾದವನು.

"ಸುದ್ದಿ ಗೊತ್ತಾಗಿಲ್ವೇನೋ ಬುಡಿ."

"ಊರಿಗೆಲ್ಲಾ ಗೊತ್ತಾದ್ದು ಅವನಿಗೆ ಗೊತ್ತಾಗಿಲ್ವಾ? ನಾನ್ ಸತ್ರೂ ಬರಲ್ಲ ಅಂದ್ಮೇಲೆ ನನ್ ಮಗನ ಮದುವೆಗೆ ಯಾಕ್ ಬರ್ಬೇಕು?" ಎಂದು ಹೇಳಿ ಅವರು ಊಟ ಸೇರದೆ ಮಲಗಿದರು.

ಮಾರನೆಯ ಬೆಳಿಗ್ಗೆ ಅವರು ಜಗಲಿಯ ಮೇಲೆ ಕೂತು ಬೇವಿನಕಡ್ಡಿ ಅಗಿಯುತ್ತಿದ್ದಾಗ, ಮೊದಲ ಬಸ್ಸಿಳಿದು ತೋಟದ ಹಾದಿಯಲ್ಲಿ ಒಬ್ಬ ಮುದುಕ ಎಡವುತ್ತ ಬರುವುದು ಕಾಣಿಸಿತು. ಕೈಯಲ್ಲಿ ಬಾಡಿದ ಹಾರ. ಬೇಲಿಯ ಹತ್ತಿರ ಬಂದವನು ತಲೆಯೆತ್ತಿ ನೋಡಿದ. ಕಾಲು ಕಿತ್ತಿಡಲಾಗದೆ ಅಲ್ಲೇ ನಿಂತುಬಿಟ್ಟ. ಚಿಕ್ಕಮಾರಯ್ಯನವರು ಬೇವಿನಕಡ್ಡಿ ಬಾಯಿಂದ ತೆಗೆದು, ಪಕ್ಕಕ್ಕೆ ಉಗಿದು, ಬಹಳ ಬೇಸರದಿಂದ ಹೇಳಿದರು.

"ಈಗ್ ಬಂದ್ಯೇನ್ಲಾ ದಾಸ? ನಿನ್ನೆಯೆಲ್ಲಾ ನಿನಗೆ ಕಾದೂ ಕಾದೂ, ಸಾಕಾಗಿ ಎದ್ದು ಕೂತ್ಕಂಡೆ."